ಒಂದೇ ಜಾಲತಾಣ ತೆರೆಯದಿದ್ದಾಗ

ಮುದ್ರಿತ ಪಠ್ಯಪುಸ್ತಕ ತಡವಾದಾಗ ಗಡಿನಾಡಿನ ಕನ್ನಡ ಶಿಕ್ಷಕರಿಗೆ ಜಾಲತಾಣದ ಪ್ರತಿಯೇ ಆಸರೆ. ಮನೆಯ ಸಂಪರ್ಕದಲ್ಲಿ ಅದೊಂದೇ ತಾಣ ತೆರೆಯದಿದ್ದರೆ ದೋಷವನ್ನು ಕ್ರಮವಾಗಿ ಹುಡುಕಬೇಕು.

1. ಫೋನಿನ ಮೊಬೈಲ್ ಡೇಟಾದಲ್ಲಿ ತಾಣವನ್ನು ತೆರೆಯಿರಿ. ಅಲ್ಲಿಯೂ ತೆರೆಯದಿದ್ದರೆ ದೋಷ ಬಹುಶಃ ತಾಣದ್ದೇ. ತೆರೆದರೆ ನಾಳಿನ ಪಾಠವನ್ನು ಮೊದಲು ಇಳಿಸಿಕೊಳ್ಳಿರಿ.

2. ಅದೇ ಫೋನನ್ನು ಮನೆಯ ವೈಫೈಗೆ ಜೋಡಿಸಿರಿ. ಆಗಲೂ ತೆರೆದರೆ ದೋಷ ಕಂಪ್ಯೂಟರಿನದು. ಬ್ರೌಸರಿನ ಹಳೆಯ ಸಂಗ್ರಹವನ್ನು ಅಳಿಸಿ, ಆಂಟಿವೈರಸ್ಸಿನ ತಡೆಪಟ್ಟಿಯನ್ನು ಪರೀಕ್ಷಿಸಿರಿ.

3. ವೈಫೈಯಲ್ಲಿ ಮಾತ್ರ ತೆರೆಯದಿದ್ದರೆ ರೂಟರನ್ನು ಆರಿಸಿ ಮತ್ತೆ ಚಾಲೂ ಮಾಡಿರಿ. ಫಲಿಸದಿದ್ದರೆ ಡಿಎನ್‌ಎಸ್ ಬದಲಿಸಿರಿ. ಇದು ತಾಣದ ಹೆಸರಿಗೆ ಅಂಕಿಗಳ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆ. ಹಾಜರಿ ಪುಸ್ತಕದಲ್ಲಿ ಒಬ್ಬನ ವಿಳಾಸ ತಪ್ಪಿದ್ದರೆ ಅವನ ಮನೆಯೊಂದೇ ಸಿಗದಿರುವಂತೆ, ಇಲ್ಲಿಯೂ ಒಂದೇ ತಾಣ ಮರೆಯಾಗಬಹುದು. ರೂಟರಿನಲ್ಲಿ 8.8.8.8 ಅಥವಾ 1.1.1.1 ಎಂದು ನಮೂದಿಸಿ ನೋಡಿರಿ.

4. ಆಗಲೂ ತೆರೆಯದಿದ್ದರೆ ದಿನ, ವೇಳೆ, ಪರದೆಯ ಮೇಲಿನ ಸಂದೇಶ ಹಾಗೂ ಮೇಲಿನ ಪರೀಕ್ಷೆಗಳ ಫಲವನ್ನು ಬರೆದು ಸಂಪರ್ಕ ಒದಗಿಸುವವರಿಗೆ ದೂರು ನೀಡಿರಿ. ಸರ್ಕಾರದ ಆದೇಶದಿಂದ ತಡೆಯಲಾಗಿದೆ ಎಂಬ ಸಂದೇಶವಿದ್ದರೆ ಅದು ದೋಷವಲ್ಲ. ಅದನ್ನು ದಾಟಲು ಯತ್ನಿಸಬಾರದು.

ಒಮ್ಮೆಗೆ ಒಂದನ್ನೇ ಬದಲಿಸಿ ಫಲ ನೋಡುವ ಈ ಕ್ರಮವನ್ನು ವಿದ್ಯಾರ್ಥಿಗಳಿಂದಲೂ ಮಾಡಿಸಿರಿ. ವಿಜ್ಞಾನದ ಪ್ರಯೋಗಕ್ಕೂ ಇದೇ ಅಡಿಪಾಯ.