ಹಿರಿಯರು ಸಾಕಿದ ಮೂಕಜೀವಿಗಳು ಮತ್ತು ನಮ್ಮ ಹೊಣೆ

ಹೆತ್ತವರ ಸೇವೆ ಎಂದೊಡನೆ ನಮ್ಮ ನೆನಪಿಗೆ ಬರುವುದು ಅವರ ಊಟ, ಬಟ್ಟೆ, ಔಷಧಿ ಮತ್ತು ಆಸ್ಪತ್ರೆಯ ಖರ್ಚು. ಇವೆಲ್ಲ ಅಗತ್ಯವೇ. ಆದರೆ ಮಕ್ಕಳು ದೂರದ ಊರುಗಳಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ಮನೆಗಳಲ್ಲಿ ಹಿರಿಯರನ್ನು ಹಸಿವಿಗಿಂತ ಹೆಚ್ಚಾಗಿ ಒಂಟಿತನ ಕಾಡುತ್ತದೆ. ಅಂತಹ ಮನೆಗಳಲ್ಲಿ ಅಜ್ಜಿಯ ಕಾಲ ಬುಡದಲ್ಲಿ ಮಲಗುವ ಒಂದು ಬೆಕ್ಕು, ಹಿತ್ತಲಲ್ಲಿ ನಾಲ್ಕು ಕೋಳಿಗಳು, ಅಜ್ಜನ ದನಿ ಕೇಳಿದೊಡನೆ ಕೂಗುವ ಒಂದು ಆಡು ಇರುವುದುಂಟು. ಅವುಗಳಿಗೆ ಹೊತ್ತು ಹೊತ್ತಿಗೆ ಏನಾದರೂ ಹಾಕಬೇಕೆಂಬ ಚಿಂತೆಯೇ ಎಷ್ಟೋ ವೃದ್ಧರನ್ನು ಹಾಸಿಗೆಯಿಂದ ಎಬ್ಬಿಸುತ್ತದೆ.

ಒಂದು ದಿನ ಅವರ ಮೊಣಕಾಲು ಸೋಲುತ್ತದೆ, ಕಣ್ಣು ಮಂಜಾಗುತ್ತದೆ. ಬೆಕ್ಕಿನ ತಟ್ಟೆ ತೊಳೆಯಲು ಬಗ್ಗಲಾಗುವುದಿಲ್ಲ, ಆಡಿನ ಹಗ್ಗ ಹಿಡಿಯಲು ಕೈಯಲ್ಲಿ ಬಲವಿರುವುದಿಲ್ಲ. ಆಗ ಮನೆಯವರು, 'ನಿಮ್ಮನ್ನು ನೋಡಿಕೊಳ್ಳುವುದೇ ಕಷ್ಟ, ಇನ್ನು ಇದೊಂದು ಬೇರೆಯೇ?' ಎಂದು ಬಿಡುತ್ತಾರೆ. ಕೆಲವರು ಅವರು ನಿದ್ರಿಸುತ್ತಿರುವಾಗ ಬೆಕ್ಕನ್ನು ಗೋಣಿಚೀಲದಲ್ಲಿ ತುಂಬಿ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುತ್ತಾರೆ. 'ಎಲ್ಲೋ ಹೋಗಿರಬೇಕು' ಎಂದು ಒಂದು ಸುಳ್ಳನ್ನೂ ಹೇಳುತ್ತಾರೆ. ಮನೆ ಶುಚಿಯಾಯಿತೆಂದು ಅವರು ಭಾವಿಸುತ್ತಾರೆ. ಆದರೆ ಅಲ್ಲಿ ಮೂರು ಹಕ್ಕುಗಳಿಗೆ ಚ್ಯುತಿ ಬಂದಿರುತ್ತದೆ: ಹೆತ್ತವರ ಹಕ್ಕು, ಮೂಕಜೀವಿಯ ಹಕ್ಕು ಮತ್ತು ಸತ್ಯದ ಹಕ್ಕು.

ಮದ್‌ಯನ್‌ನ ಬಾವಿಯ ಬಳಿ

ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ (28:23-24) ಪ್ರವಾದಿ ಮೂಸಾ(ಅ)ರ ಜೀವನದ ಒಂದು ಘಟನೆ ಬಂದಿದೆ. ಫಿರ್‌ಔನನ ಜನರಿಂದ ತಪ್ಪಿಸಿಕೊಂಡು ಅವರು ಮದ್‌ಯನ್ ತಲುಪಿದಾಗ, ನೀರಿನ ಬಳಿ ಕುರುಬರ ಗುಂಪೊಂದು ತಮ್ಮ ಮಂದೆಗಳಿಗೆ ನೀರುಣಿಸುತ್ತಿತ್ತು. ಇಬ್ಬರು ಯುವತಿಯರು ಮಾತ್ರ ತಮ್ಮ ಪ್ರಾಣಿಗಳನ್ನು ತಡೆದು ದೂರ ನಿಂತಿದ್ದರು. ಕಾರಣ ವಿಚಾರಿಸಿದಾಗ, ಕುರುಬರು ಹೋದ ಮೇಲೆಯೇ ತಮಗೆ ನೀರುಣಿಸಲು ಸಾಧ್ಯವೆಂದೂ ತಮ್ಮ ತಂದೆ ತೀರಾ ವೃದ್ಧರೆಂದೂ ತಿಳಿಸಿದರು. ಮೂಸಾ(ಅ) ಸ್ವತಃ ಆ ಪ್ರಾಣಿಗಳಿಗೆ ನೀರುಣಿಸಿ ಕೊಟ್ಟು, ಯಾವ ಪ್ರತಿಫಲವನ್ನೂ ಕೇಳದೆ ನೆರಳಿಗೆ ಸರಿದು ತಮ್ಮ ಪ್ರಭುವಿನೊಡನೆ ಪ್ರಾರ್ಥಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯಿದೆ. ತಂದೆಗೆ ವಯಸ್ಸಾಯಿತೆಂದು ಆ ಹೆಣ್ಣುಮಕ್ಕಳು ಮಂದೆಯನ್ನು ಬಾಯಾರಿಕೆಗೆ ಬಿಡಲಿಲ್ಲ. ತಂದೆಯ ಕೈಯಿಂದ ಜಾರಿದ ಹೊಣೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಅವರ ಕೈಗೂ ಅದು ಮೀರಿದಾಗ ದಾರಿಹೋಕರಾದ ಪ್ರವಾದಿಯೊಬ್ಬರು ಹೆಗಲು ಕೊಟ್ಟರು. ಒಬ್ಬ ವೃದ್ಧರ ಪ್ರಾಣಿಗಳಿಗೆ ನೀರುಣಿಸಿದ ಈ ಕೆಲಸವನ್ನು ಅಲ್ಲಾಹನು ಅಂತಿಮ ದಿನದವರೆಗೆ ಓದಲ್ಪಡುವ ಗ್ರಂಥದಲ್ಲಿ ಸೇರಿಸಿದನು. ನಾವು ಅದನ್ನು ಕ್ಷುಲ್ಲಕವೆಂದು ಭಾವಿಸಬಹುದೇ?

ಮಾವ, ಸೊಸೆ ಮತ್ತು ಬೆಕ್ಕು

ಪ್ರವಾದಿವರ್ಯರ(ಸ) ಅನುಚರರಾದ ಅಬೂ ಕತಾದ(ರ) ಒಮ್ಮೆ ತಮ್ಮ ಮಗನ ಮನೆಗೆ ಬಂದರು. ಸೊಸೆ ಕಬ್‌ಶಾ ಅವರಿಗೆ ವುಝೂಗೆ ನೀರು ಹಾಕಿಕೊಟ್ಟರು. ಅಷ್ಟರಲ್ಲಿ ಬೆಕ್ಕೊಂದು ಬಂದು ಅದೇ ನೀರಿಗೆ ಬಾಯಿ ಹಾಕಿತು. ಅಬೂ ಕತಾದ(ರ) ಅದನ್ನು ಓಡಿಸಲಿಲ್ಲ. ಅದು ಸರಾಗವಾಗಿ ಕುಡಿಯಲೆಂದು ಪಾತ್ರೆಯನ್ನು ಓರೆ ಮಾಡಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡುತ್ತಿರುವುದನ್ನು ಕಂಡು, ಬೆಕ್ಕು ಅಶುದ್ಧವಲ್ಲ, ಅದು ನಮ್ಮ ನಡುವೆ ಸುಳಿದಾಡುವ ಜೀವಿಗಳಲ್ಲೊಂದು ಎಂದು ಪ್ರವಾದಿವರ್ಯರು(ಸ) ಕಲಿಸಿರುವುದನ್ನು ಪ್ರೀತಿಯಿಂದ ತಿಳಿಹೇಳಿದರು. (ಅಬೂದಾವೂದ್, ತಿರ್ಮಿದಿ)

ನಮ್ಮ ಮನೆಗಳಲ್ಲಿ ಇಂದು ಅತ್ತೆ-ಮಾವಂದಿರ ಬೆಕ್ಕಿನ ವಿಷಯದಲ್ಲಿ ಏಳುವ ಜಗಳಗಳಿಗೆ ಈ ಒಂದು ಘಟನೆಯಲ್ಲಿ ಪರಿಹಾರವಿದೆ. ಹಿರಿಯರು ಗದರಲಿಲ್ಲ, ಕಿರಿಯರು ಮುಖ ಸಿಂಡರಿಸಲಿಲ್ಲ.

ಹಾಗೆಂದು ಬೆಕ್ಕಿನ ಮಲಮೂತ್ರ ಶುದ್ಧವೆಂದು ಯಾರೂ ತಿಳಿಯಬಾರದು. ಅದು ನಜಸ್. ಬಟ್ಟೆಗೋ ಮುಸಲ್ಲಾಕ್ಕೋ ತಾಗಿದರೆ ತೊಳೆಯಲೇಬೇಕು. ಆದ್ದರಿಂದ ಹಿರಿಯರು ನಮಾಝ್ ಮಾಡುವ ಜಾಗವನ್ನು ಬೆಕ್ಕು ಮಲಗುವ ಜಾಗದಿಂದ ಬೇರ್ಪಡಿಸಿ ಕೊಡುವುದು ಅವರಿಗೆ ಮಾಡುವ ದೊಡ್ಡ ಉಪಕಾರ. ನಾಯಿಯ ವಿಷಯ ಬೇರೆ. ಜಾನುವಾರು, ಕೃಷಿ ಮತ್ತು ಬೇಟೆಗಾಗಿ ಅದನ್ನು ಇಟ್ಟುಕೊಳ್ಳಲು ಹದೀಸ್‌ಗಳಲ್ಲಿ ಅನುಮತಿಯಿದೆ. ಅಡಿಕೆ ತೋಟದ ಕಾವಲಿಗೆ ಹಿರಿಯರು ಸಾಕಿದ ನಾಯಿಯಿದ್ದರೆ ಅದಕ್ಕೆ ಹೊರಗೆ ನೆರಳು, ಪ್ರತ್ಯೇಕ ಪಾತ್ರೆ ಮತ್ತು ಹೊಟ್ಟೆ ತುಂಬ ಆಹಾರ ಸಿಗಬೇಕು.

ಪ್ರಾಣಿಗೂ ಹಕ್ಕಿದೆ

ಬೆಕ್ಕನ್ನು ಕಟ್ಟಿಹಾಕಿ ಆಹಾರ ನೀಡದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀ ನರಕಕ್ಕೆ ಅರ್ಹಳಾದಳು. ದಾಹದಿಂದ ಮಣ್ಣು ನೆಕ್ಕುತ್ತಿದ್ದ ನಾಯಿಗೆ ಬಾವಿಗಿಳಿದು ನೀರು ತಂದ ವ್ಯಕ್ತಿಗೆ ಕ್ಷಮೆ ದೊರೆಯಿತು. ಎರಡೂ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ವರದಿಯಾಗಿವೆ.

ಹಿಜರಿ 660ರಲ್ಲಿ (ಕ್ರಿ.ಶ. 1262) ನಿಧನರಾದ ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಇಬ್ನು ಅಬ್ದುಸ್ಸಲಾಮ್(ರ) ಮನುಷ್ಯನ ಮೇಲೆ ಪ್ರಾಣಿಗಿರುವ ಹಕ್ಕುಗಳನ್ನು ಎಣಿಸಿ ಬರೆದಿದ್ದಾರೆ. ಅದರಲ್ಲಿ ಮೊದಲಾಗಿ ಅವರು ಹೇಳಿದ್ದು ಅದರ ಖರ್ಚುವೆಚ್ಚ. ಮುಪ್ಪಿನಿಂದಲೋ ರೋಗದಿಂದಲೋ ಪ್ರಾಣಿ ಯಾವ ಉಪಯೋಗಕ್ಕೂ ಬಾರದಂತಾದರೂ ಈ ಹೊಣೆ ಇಳಿಯದು. ಕೆಲಸಕ್ಕೆ ಬಾರದ ಪ್ರಾಣಿಗೇ ಈ ಹಕ್ಕಿರುವಾಗ ನಮ್ಮನ್ನು ಹೆತ್ತು ಬೆಳೆಸಿ ದಣಿದವರಿಗೆ ಎಷ್ಟಿರಬೇಡ!

ನಮ್ಮ ದೇಶದ ಕಾನೂನು ಕೂಡ ಇದನ್ನು ಗುರುತಿಸಿದೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ.

ನೆರವಾಗುವ ಬಗೆ

ಹಿರಿಯರಿಂದ ಎಲ್ಲವನ್ನೂ ಕಿತ್ತುಕೊಳ್ಳುವುದು ನೆರವಲ್ಲ. ಅವರಿಂದಾಗುವುದನ್ನು ಅವರಿಗೇ ಬಿಟ್ಟು, ಆಗದುದನ್ನು ಮಾತ್ರ ನಾವು ವಹಿಸಿಕೊಳ್ಳಬೇಕು. ಉಣಿಸುವ ಸಂತೋಷ ಅವರದಾಗಿರಲಿ, ಬಗ್ಗಿ ಗುಡಿಸುವ ಕೆಲಸ ನಮ್ಮದಾಗಲಿ.

ಬೆಕ್ಕಿನ ತಟ್ಟೆಯನ್ನು ಒಂದು ಸ್ಟೂಲಿನ ಮೇಲಿಟ್ಟರೆ ಅಜ್ಜಿ ಬಗ್ಗಬೇಕಾಗಿಲ್ಲ. ಕಾಲಿಗೆ ಅಡ್ಡ ಬರುವ ಬೆಕ್ಕಿನ ಕುತ್ತಿಗೆಗೆ ಸಣ್ಣ ಗೆಜ್ಜೆ ಕಟ್ಟಿದರೆ, ರಾತ್ರಿ ವುಝೂಗೆ ಹೋಗುವ ದಾರಿಯಲ್ಲಿ ದೀಪವಿಟ್ಟರೆ ಎಡವಿ ಬೀಳುವ ಅಪಾಯ ಕಡಿಮೆಯಾಗುತ್ತದೆ. ಆಡನ್ನು ಮೇಯಲು ಬಿಡುವ, ಹಗ್ಗ ಹಿಡಿದು ತರುವ ಕೆಲಸವನ್ನು ಮೊಮ್ಮಕ್ಕಳು ಮಾಡಲಿ. ಈ ವಯಸ್ಸಿನಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಏಳುವುದು ಕಷ್ಟ.

ಬೆಕ್ಕಿನ ಮಲವನ್ನು ದಿನವೂ ತೆಗೆಯಬೇಕು. ಗರ್ಭಿಣಿಯರು ಈ ಕೆಲಸದಿಂದ ದೂರವಿರಲಿ. ಅದರ ಮೂಲಕ ಹರಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಗರ್ಭದ ಶಿಶುವಿಗೆ ಹಾನಿ ಮಾಡುತ್ತದೆ.

ಬೆಕ್ಕು, ನಾಯಿಗಳಿಗೆ ವೈದ್ಯರು ಹೇಳಿದ ಸಮಯಕ್ಕೆ ರೇಬೀಸ್ ಲಸಿಕೆ ಹಾಕಿಸಬೇಕು. ಕಚ್ಚಿದರೆ ಅಥವಾ ಪರಚಿದರೆ ಅರಸಿನ, ಮೆಣಸಿನಪುಡಿ ಹಚ್ಚುತ್ತಾ ಕೂರದೆ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಬೆಕ್ಕಿಗೆ ಜ್ವರವೆಂದು ತಮ್ಮ ಪ್ಯಾರಾಸಿಟಮಾಲ್ ಮಾತ್ರೆಯನ್ನು ಮುರಿದು ಕೊಡುವ ಹಿರಿಯರಿದ್ದಾರೆ. ಕರುಣೆಯಿಂದಲೇ ಕೊಟ್ಟರೂ ಬೆಕ್ಕಿಗೆ ಅದು ವಿಷ. ಪಶುವೈದ್ಯರ ಬಳಿ ಕರೆದೊಯ್ಯಲು ಜೊತೆಗೊಬ್ಬರು ಬೇಕು.

ಹಿರಿಯರು ಆಸ್ಪತ್ರೆ ಸೇರಿದಾಗ, ಉಮ್ರಾ ಅಥವಾ ಹಜ್ಜ್‌ಗೆ ಹೊರಟಾಗ ಆ ಜೀವಿಯನ್ನು ಯಾರು ನೋಡಿಕೊಳ್ಳುವರೆಂದು ಮೊದಲೇ ಗೊತ್ತುಮಾಡಿ. ವಹಿಸಿಕೊಂಡವರಿಗೆ ಅದು ಅಮಾನತ್.

ಸೊಸೆಯೊಬ್ಬಳ ಹೆಗಲಿಗಲ್ಲ

ಈ ಎಲ್ಲ ಕೆಲಸಗಳನ್ನು ಮನೆಯ ಸೊಸೆಯ ಮೇಲೆ ಹೊರಿಸಿ ಗಂಡಸರು ಉಪದೇಶ ಮಾಡುವುದು ನ್ಯಾಯವಲ್ಲ. ಹೆತ್ತವರ ಸೇವೆ ಮೊದಲಿಗೆ ಮಕ್ಕಳ ಹೊಣೆ. ಸೊಸೆ ಮಾಡುವುದು ಅವಳ ಔದಾರ್ಯ. ಮಗ ದೂರವಿದ್ದರೆ ಖರ್ಚನ್ನಾದರೂ ಭರಿಸಲಿ, ಅವಳ ಶ್ರಮವನ್ನು ಬಾಯ್ತುಂಬ ನೆನೆಯಲಿ.

ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದು ಪ್ರಾಣಿಯನ್ನು ಇಟ್ಟುಕೊಳ್ಳಲು ನಿಜಕ್ಕೂ ಸಾಧ್ಯವಿಲ್ಲದಿರಬಹುದು. ಆಗ ಹಿರಿಯರೊಡನೆ ಕುಳಿತು ಮಾತನಾಡಿ, ಅವರು ಒಪ್ಪುವ ನೆರೆಯವರಿಗೋ ಸಂಬಂಧಿಕರಿಗೋ ಅದನ್ನು ಒಪ್ಪಿಸಬಹುದು. ಆಗಾಗ ಅಲ್ಲಿಗೆ ಕರೆದೊಯ್ದು ತೋರಿಸಬಹುದು. ಆದರೆ ಆಡು, ಕೋಳಿ, ಹಸುಗಳು ಅವರ ಸೊತ್ತು. ಅವರನ್ನು ಕೇಳದೆ ಮಾರಲು ಮಕ್ಕಳಿಗೆ ಅಧಿಕಾರವಿಲ್ಲ. ವಯಸ್ಸಾದ ಮಾತ್ರಕ್ಕೆ ಯಾರ ಒಡೆತನವೂ ಇಲ್ಲದಾಗುವುದಿಲ್ಲ.

ವೃದ್ಧ ಹೆತ್ತವರ ಮುಂದೆ 'ಛೆ' ಎಂಬ ಉದ್ಗಾರವನ್ನೂ ತೆಗೆಯಬಾರದೆಂದು, ಅವರಿಗೆ ಕರುಣೆಯ ರೆಕ್ಕೆಯನ್ನು ತಗ್ಗಿಸಿ ಕೊಡಬೇಕೆಂದು ಅಲ್ಲಾಹನು ಆಜ್ಞಾಪಿಸಿದ್ದಾನೆ (17:23-24). ಅವರ ಬೆಕ್ಕನ್ನು ಕಂಡು ನಾವು ತೆಗೆಯುವ 'ಛೆ' ಕೂಡ ಅವರ ಕಿವಿಗೆ ಬೀಳುತ್ತದೆ, ಮನಸ್ಸಿಗೆ ನಾಟುತ್ತದೆ. ಬದಲಾಗಿ ಅದರ ತಟ್ಟೆಯನ್ನು ತೊಳೆದಿಟ್ಟು, 'ಉಮ್ಮಾ, ಅದಕ್ಕೆ ಹಾಕಿಯಾಯಿತು, ನೀವು ನಿಶ್ಚಿಂತೆಯಿಂದ ಮಲಗಿ' ಎಂದರೆ ಆ ತಾಯಿಯ ತುಟಿಯಿಂದ ಹೊರಡುವ ದುಆವನ್ನು ಯಾವ ಹಣದಿಂದಲೂ ಕೊಳ್ಳಲಾಗದು.

ಅಲ್ಲಾಹನು ನಮ್ಮ ಹಿರಿಯರ ಮೇಲೂ ಅವರನ್ನು ನಂಬಿದ ಮೂಕಜೀವಿಗಳ ಮೇಲೂ ಕರುಣೆ ತೋರುವ ಹೃದಯವನ್ನು ನಮಗೆ ದಯಪಾಲಿಸಲಿ. ಆಮೀನ್.