ಕುಬ್ಜವೃಕ್ಷದ ಪಾಲನೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಮರವೆಂದರೆ ತೆಂಗು. ಅಮ್ಮಸಂದ್ರದ ರೈಲು ನಿಲ್ದಾಣದಲ್ಲಿ ಇಳಿದು ಯಾವ ದಿಕ್ಕಿಗೆ ನಡೆದರೂ ತೋಟದ ನೆರಳು ಎದುರಾಗುತ್ತದೆ. ಇಂತಹ ಊರಿನಲ್ಲಿ ಒಂದು ಗೇಣು ಎತ್ತರದ ಅರಳಿಯ ಮರವನ್ನು ತಟ್ಟೆಯಂತಹ ಕುಂಡದಲ್ಲಿ ಸಾಕಹೊರಟವರನ್ನು ಕಂಡು ನೆರೆಯವರು ನಕ್ಕರೆ ಆಶ್ಚರ್ಯವಿಲ್ಲ. ನಾವು ಆ ನಗೆಗೆ ಪಾತ್ರರಾದವರು. ಮಾತ್ರವಲ್ಲ, ನಮ್ಮ ಮೊದಲನೆಯ ಅರಳಿಯನ್ನು ಕೊಂದವರೂ ನಾವೇ. ಅದು ಏಕೆ ಸತ್ತಿತೆಂಬುದನ್ನು ಮೊದಲು ವಿಚಾರಿಸಿದರೆ, ಕುಬ್ಜವೃಕ್ಷಗಳ ಪಾಲನೆಯ ಅರ್ಧ ಭಾಗ ತಾನಾಗಿಯೇ ತಿಳಿಯುವುದು.

ಜಪಾನೀಯರು ಇಂತಹ ಮರವನ್ನು ಬೋನ್ಸಾಯ್ ಎನ್ನುತ್ತಾರೆ. ತಟ್ಟೆಯಲ್ಲಿ ನೆಟ್ಟದ್ದು ಎಂದು ಆ ಪದದ ಅರ್ಥ. ಕಲೆಯ ಮೂಲ ಚೀನಾ ದೇಶದ್ದು. ಇದು ಕುಳ್ಳ ಜಾತಿಯ ಗಿಡವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕುಂಡದಿಂದ ಕಿತ್ತು ನೆಲದಲ್ಲಿ ನೆಟ್ಟರೆ ಅದೇ ಅರಳಿ ಊರಕಟ್ಟೆಯ ಅರಳಿಯಷ್ಟು ಬೆಳೆಯಬಲ್ಲುದು. ಅದನ್ನು ಚಿಕ್ಕದಾಗಿ ಇಟ್ಟಿರುವುದು ಬೇರಿಗೆ ದೊರೆಯುವ ಅಲ್ಪ ಸ್ಥಳ ಮತ್ತು ಸಾಕುವವನ ಕತ್ತರಿ. ಪ್ರಕೃತಿಯೂ ಈ ಕೆಲಸವನ್ನು ಮಾಡುತ್ತದೆ. ಹಾಳುಬಾವಿಯ ಕಲ್ಲುಗಳ ಸಂದಿನಲ್ಲಿ ಹಕ್ಕಿ ಬೀಳಿಸಿದ ಬೀಜದಿಂದ ಹುಟ್ಟಿ, ವರ್ಷಗಟ್ಟಲೆ ಒಂದು ಮೊಳವನ್ನು ಮೀರದ ಅರಳಿಯನ್ನು ಯಾರು ಕಂಡಿಲ್ಲ? ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬೋನ್ಸಾಯ್ ಮರಗಳಿಗೆ ಪ್ರತ್ಯೇಕ ವನವೇ ಇದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ವನವೂ ಪ್ರಸಿದ್ಧವಾದುದು.

ನಮ್ಮ ಮೊದಲನೆಯ ಸಸಿ ಅಂತಹ ಬಾವಿಯ ಗೋಡೆಯದೇ. ಅದಕ್ಕೆ ಒಳ್ಳೆಯ ಆಹಾರ ದೊರೆಯಲೆಂದು ಐದು ಸೆಂಟಿಮೀಟರ್ ಆಳದ ಕುಂಡದಲ್ಲಿ ನಯವಾದ ಕೆರೆಗೋಡು ತುಂಬಿ ನೆಟ್ಟೆವು. ತೆಂಗಿನ ತೋಟಕ್ಕೆ ಕೆರೆಗೋಡಿಗಿಂತ ಉತ್ತಮವಾದ ಮಣ್ಣುಂಟೆ? ಬೇಸಗೆಯಲ್ಲಿ ಸಸಿ ಚಿಗುರಿತು. ಮಳೆ ಹಿಡಿದ ಮೇಲೆ ಎಲೆ ಹಳದಿಯಾಗಿ ಉದುರಿತು. ಕಿತ್ತು ನೋಡಿದಾಗ ಬೇರು ಕಪ್ಪಾಗಿ ಕೊಳೆತಿತ್ತು. ಬರಿಯ ಕಲ್ಲಿನ ಮೇಲೆ ಬದುಕಿದ್ದ ಗಿಡ ಫಲವತ್ತಾದ ಮಣ್ಣಿನಲ್ಲಿ ಸತ್ತಿತು!

ಕಾರಣ ಭೌತಶಾಸ್ತ್ರದ್ದು. ಸಪೂರ ಗಾಜಿನ ನಳಿಗೆಯಲ್ಲಿ ನೀರು ತಾನಾಗಿ ಮೇಲೇರುವುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಂಡಿರುತ್ತಾರೆ. ಇದು ಮೇಲ್ಮೈ ಸೆಳೆತದ ಫಲವಾದ ಕೇಶಾಕರ್ಷಣೆ. ನಳಿಗೆ ಸಪೂರವಾದಷ್ಟೂ ನೀರು ಹೆಚ್ಚು ಎತ್ತರ ನಿಲ್ಲುತ್ತದೆ. ತ್ರಿಜ್ಯ 1 ಮಿಲಿಮೀಟರ್ ಇದ್ದರೆ ಏರಿಕೆ ಸುಮಾರು 1.5 ಸೆಂಟಿಮೀಟರ್, ತ್ರಿಜ್ಯ 0.1 ಮಿಲಿಮೀಟರ್ ಆದರೆ ಏರಿಕೆ ಸುಮಾರು 15 ಸೆಂಟಿಮೀಟರ್. ಮಣ್ಣಿನ ಕಣಗಳ ನಡುವಣ ರಂಧ್ರಗಳೂ ಇಂತಹ ನಳಿಗೆಗಳೇ. ಕುಂಡದ ತಳದಲ್ಲಿ ತೂತು ಇದ್ದ ಮಾತ್ರಕ್ಕೆ ನೀರೆಲ್ಲ ಇಳಿದುಹೋಗುವುದಿಲ್ಲ. ಕೇಶಾಕರ್ಷಣೆಯ ಎತ್ತರದವರೆಗೆ ಮಣ್ಣು ತುಂಬಿಕೊಂಡೇ ಇರುತ್ತದೆ. ತೋಟದ ಆಳವಾದ ನೆಲದಲ್ಲಿ ಇದರಿಂದ ಬಾಧೆಯಿಲ್ಲ. ಆದರೆ ಐದು ಸೆಂಟಿಮೀಟರ್ ಆಳದ ಕುಂಡದಲ್ಲಿ ನಯವಾದ ಗೋಡು ತುಂಬಿದರೆ, ತಳದಿಂದ ಮೇಲಿನವರೆಗೂ ಗಾಳಿಗೆ ಎಡೆಯಿಲ್ಲ. ಆಮ್ಲಜನಕವು ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೇ. ಬೇರು ಉಸಿರುಗಟ್ಟಿ ಸಾಯುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಚಪ್ಪಟೆಯಾದ ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಡ್ಡಲಾಗಿ ಹಿಡಿದು, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಬಳಿಕ ಹಿಂಡದೆ ಅದನ್ನು ಉದ್ದಕ್ಕೆ ನಿಲ್ಲಿಸಿರಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ರಂಧ್ರಗಳೂ ಅವೇ. ಎತ್ತರ ಮಾತ್ರ ಹೆಚ್ಚಿತು.

ಇದರಿಂದ ಎರಡು ನಿಯಮಗಳು ದೊರೆಯುತ್ತವೆ. ಮೊದಲನೆಯದು, ಕುಂಡಕ್ಕೆ ತುಂಬುವ ವಸ್ತು ಹರಳಾಗಿರಬೇಕು. ಇಟ್ಟಿಗೆಯ ಚೂರು, ದಪ್ಪ ಮರಳು, ಕೆಮ್ಮಣ್ಣಿನ ಹರಳುಗಳನ್ನು ಜರಡಿ ಹಿಡಿದು, 2ರಿಂದ 5 ಮಿಲಿಮೀಟರ್ ಗಾತ್ರದವನ್ನು ಉಳಿಸಿಕೊಂಡು ಧೂಳನ್ನು ಚೆಲ್ಲಬೇಕು. ನಮ್ಮ ಸೀಮೆಯಲ್ಲಿ ಧಾರಾಳವಾಗಿ ಸಿಕ್ಕುವ ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿಯುವುದರಿಂದ ಅದನ್ನು ಸ್ವಲ್ಪವೇ ಬೆರೆಸಬೇಕು. ಎರಡನೆಯದು, ಜಡಿಮಳೆಯ ದಿನಗಳಲ್ಲಿ ಕುಂಡದ ಒಂದು ಬದಿಗೆ ಕಲ್ಲು ಕೊಟ್ಟು ಓರೆಯಾಗಿ ನಿಲ್ಲಿಸಬೇಕು. 30 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಆಳದ ಕುಂಡವನ್ನು 30 ಡಿಗ್ರಿ ಓರೆ ಮಾಡಿದರೆ ತಗ್ಗಿನ ಮೂಲೆಯಿಂದ ಎತ್ತರದ ಮೂಲೆಗೆ ಸುಮಾರು 19 ಸೆಂಟಿಮೀಟರ್ ಆಗುವುದು. ಹೆಚ್ಚಿನ ನೀರು ಇಳಿದುಹೋಗುವುದು. ಸ್ಪಂಜಿನ ಪಾಠವೇ ಇದು.

ಇನ್ನು ಕತ್ತರಿಯ ವಿಚಾರ. ತೆಂಗಿನ ಸುಳಿಯನ್ನು ಕತ್ತರಿಸಿದರೆ ಮರ ಉಳಿಯದೆಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಅದರ ಕಾಂಡಕ್ಕೆ ಬೆಳವಣಿಗೆಯ ತಾಣ ಅದೊಂದೇ. ಕಾಂಡವನ್ನು ದಪ್ಪಗೊಳಿಸುವ ವರ್ಧನ ಪದರವೂ ಅದಕ್ಕಿಲ್ಲ. ಆದುದರಿಂದ ತೆಂಗನ್ನು ಕತ್ತರಿಯಿಂದ ಕುಬ್ಜಗೊಳಿಸಲಾಗದು. ಮೊಳೆತ ಕಾಯಿಯನ್ನು ಕೆಲವರು ಕೆಲವು ವರ್ಷ ಕುಂಡದಲ್ಲಿ ಚಿಕ್ಕದಾಗಿ ಇಡುವುದುಂಟು. ಅದು ಬೇರೆಯೇ ಉಪಾಯ. ಅರಳಿ, ಆಲ, ಅತ್ತಿ, ಹುಣಿಸೆಗಳ ರೀತಿ ಹಾಗಲ್ಲ. ಅವುಗಳ ಪ್ರತಿ ಎಲೆಯ ಕಂಕುಳಿನಲ್ಲಿ ಒಂದು ಮೊಗ್ಗು ಮಲಗಿರುತ್ತದೆ. ತುದಿಯಲ್ಲಿ ಉತ್ಪತ್ತಿಯಾಗಿ ಕೆಳಗೆ ಹರಿಯುವ ಆಕ್ಸಿನ್ ಎಂಬ ರಸ ಆ ಮೊಗ್ಗುಗಳನ್ನು ತಡೆದಿಡುತ್ತದೆಯೆಂದು 1930ರ ದಶಕದಲ್ಲಿ ಥೀಮನ್ ಮತ್ತು ಸ್ಕೂಗ್ ತೋರಿಸಿದರು. ತುದಿಯನ್ನು ಕತ್ತರಿಸಿದಾಗ ಎಲೆಗಳಲ್ಲಿ ತಯಾರಾದ ಸಕ್ಕರೆಯೂ ಪಕ್ಕದ ಮೊಗ್ಗುಗಳಿಗೆ ಹೆಚ್ಚಾಗಿ ಸಲ್ಲುತ್ತದೆಯೆಂಬುದು ಈಚಿನ ಸಂಶೋಧನೆ. ಹೀಗೆ ತುದಿ ಹೋದರೆ ಪಕ್ಕದ ಎರಡು ಮೂರು ಮೊಗ್ಗುಗಳು ಏಳುತ್ತವೆ. ಮರ ಎತ್ತರವಾಗದೆ ದಟ್ಟವಾಗುತ್ತದೆ. ಯಾವ ದಿಕ್ಕಿಗೆ ಕೊಂಬೆ ಬೇಕೋ ಆ ದಿಕ್ಕಿಗೆ ಮುಖ ಮಾಡಿದ ಮೊಗ್ಗಿನ ತುಸು ಮೇಲೆ ಕತ್ತರಿಸುವುದೇ ಇದರ ರಹಸ್ಯ. ಅರಳಿಯ ಗಾಯದಿಂದ ಒಸರುವ ಹಾಲನ್ನು ಒದ್ದೆ ಬಟ್ಟೆಯಿಂದ ಒರಸಿ ಕೈ ತೊಳೆದುಕೊಳ್ಳಬೇಕು.

ಕೊಂಬೆಗೆ ಆಕಾರ ಕೊಡಲು ಅಲ್ಯುಮಿನಿಯಂ ತಂತಿಯನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ಸುತ್ತಿ ಬಾಗಿಸುತ್ತಾರೆ. ಬಾಗಿದ ಕೊಂಬೆಯ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. 6 ಮಿಲಿಮೀಟರ್ ದಪ್ಪದ ಕೊಂಬೆಯನ್ನು 60 ಮಿಲಿಮೀಟರ್ ತ್ರಿಜ್ಯದ ಕಂಸಕ್ಕೆ ತಂದರೆ ಹೊರಮೈಯ ಹಿಗ್ಗು 60ರಲ್ಲಿ 3, ಎಂದರೆ ನೂರಕ್ಕೆ 5. ದಪ್ಪ ಇಮ್ಮಡಿಯಾದರೆ ಹಿಗ್ಗೂ ಇಮ್ಮಡಿ. ಕೊಂಬೆ ಸೀಳುವ ಭಯವೂ ಹೆಚ್ಚು. ಆದಕಾರಣ ಎಳೆಯ ಕೊಂಬೆಯನ್ನೇ, ಹಲವು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಾಗಿಸಬೇಕು. ಬಾಗಿದ ಸ್ಥಿತಿಯಲ್ಲಿ ಹೊಸ ಮರ ಕೂಡಿಕೊಂಡಾಗ ಆಕಾರ ನಿಲ್ಲುವುದು. ಮಳೆಗಾಲದಲ್ಲಿ ಅರಳಿ ಬೇಗ ದಪ್ಪವಾಗುವುದರಿಂದ ವಾರಕ್ಕೊಮ್ಮೆ ನೋಡಿ, ತಂತಿ ತೊಗಟೆಯನ್ನು ಕಚ್ಚುವ ಮೊದಲೇ ತುಂಡುತುಂಡಾಗಿ ಕತ್ತರಿಸಿ ತೆಗೆಯತಕ್ಕದ್ದು.

ಜಪಾನಿನ ಪುಸ್ತಕಗಳ ಋತುಕ್ರಮ ನಮ್ಮ ಬಯಲುಸೀಮೆಗೆ ಹೊಂದದು. ಇಲ್ಲಿ ಹಿಮವಿಲ್ಲ, ಬಿಸಿಲು ಮತ್ತು ಮಳೆಗಳೇ ಪಂಚಾಂಗ. ಫೆಬ್ರವರಿ-ಮಾರ್ಚ್‌ನಲ್ಲಿ ಅರಳಿ ಹಳೆಯ ಎಲೆ ಉದುರಿಸಿ ತಾಮ್ರವರ್ಣದ ಚಿಗುರು ತಳೆಯುತ್ತದೆ. ಮೊಗ್ಗು ಉಬ್ಬುವ ಈ ಹೊತ್ತು, ಇಲ್ಲವೆ ಮುಂಗಾರಿನ ಮೊದಲ ಮಳೆಗಳ ಹೊತ್ತು, ಕುಂಡ ಬದಲಿಸುವುದಕ್ಕೂ ದೊಡ್ಡ ಕೊಂಬೆಗಳನ್ನು ಸವರುವುದಕ್ಕೂ ಯೋಗ್ಯ. ಎರಡು ಮೂರು ವರ್ಷಕ್ಕೊಮ್ಮೆ ಬೇರಿನ ಮೂರರಲ್ಲಿ ಒಂದು ಪಾಲನ್ನು ಕತ್ತರಿಸಿದರೆ ಸಾಕು. ಬೇರು ಕಳೆದಷ್ಟು ಎಲೆಯನ್ನೂ ಕಳೆಯದಿದ್ದರೆ ನೀರಿನ ಲೆಕ್ಕ ಸರಿಹೋಗದು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಅಲ್ಪ ಮಣ್ಣು ಬೇಗ ಕಾಯುತ್ತದೆ. ಮಧ್ಯಾಹ್ನದ ನೆರಳು, ಬೆಳಗು ಸಂಜೆ ಎರಡು ಹೊತ್ತು ನೀರು ಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಚಿಗುರು ಚಿವುಟುವ ಕಾಲ. ಮಳೆ ಜೋರಾದಾಗ ಕುಂಡವನ್ನು ಓರೆ ಮಾಡುವ ಕಾಲವೂ ಹೌದು. ನವೆಂಬರ್‌ನಿಂದ ಜನವರಿಯವರೆಗೆ ಬೆಳವಣಿಗೆ ನಿಧಾನ. ನೀರು ಕಡಮೆ, ಕತ್ತರಿಗೆ ವಿರಾಮ.

ಈ ನಿತ್ಯದ ಗಮನ ತಲೆಮಾರುಗಳನ್ನು ದಾಟಬಲ್ಲುದು. ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷವನದಲ್ಲಿ 1625ರಿಂದ ಸಾಕಿಕೊಂಡು ಬಂದ ಒಂದು ಬಿಳಿ ಪೈನ್ ಇದೆ. 1945ರಲ್ಲಿ ಹಿರೋಷಿಮಾದ ಮೇಲೆ ಪರಮಾಣು ಬಾಂಬು ಬಿದ್ದಾಗ ಅದು ಆ ನಗರದ ಯಮಾಕಿ ಮನೆತನದ ತೋಟದಲ್ಲಿತ್ತು. ಗೋಡೆಯ ಮರೆಯಲ್ಲಿ ಉಳಿಯಿತು. 1976ರಲ್ಲಿ ಅದೇ ಮನೆತನ ಅದನ್ನು ಅಮೆರಿಕಕ್ಕೆ ಕಾಣಿಕೆಯಾಗಿ ಕೊಟ್ಟಿತು. ಅದರ ಹಿಂದಿನ ಕಥೆ ಅಲ್ಲಿನವರಿಗೆ ತಿಳಿದದ್ದು 2001ರಲ್ಲಿ.

ನಮ್ಮ ಎರಡನೆಯ ಅರಳಿ ಅದೇ ಬಾವಿಯ ಗೋಡೆಯಿಂದ ಬಂದುದು. ಇಟ್ಟಿಗೆಯ ಹರಳಿನಲ್ಲಿ ನಿಂತು ಮೂರು ಮಳೆಗಾಲಗಳನ್ನು ಕಂಡಿದೆ. ವಿದ್ಯಾರ್ಥಿಗಳು ಇಂತಹ ಒಂದು ಸಸಿಯನ್ನು ಸಾಕಿ, ಮಣ್ಣಿನ ಮೇಲ್ಮೈಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಬೆಳಿಗ್ಗೆ ಸಂಜೆ ಕುಂಡವನ್ನು ತೂಗಿ ಬರೆದಿಡಲಿ. ಕಡಮೆಯಾದ ತೂಕ ಬಹುಮಟ್ಟಿಗೆ ಎಲೆಗಳು ಆವಿಯಾಗಿ ಬಿಟ್ಟ ನೀರು. ಒಂದು ವಾರದ ಲೆಕ್ಕ ಕೈಯಲ್ಲಿದ್ದರೆ, ಎಂದು ಎಷ್ಟು ನೀರು ಹಾಕಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.