ಸ್ಥೂಲಕಾಯದ ಮಕ್ಕಳೂ ಕ್ಷ-ಕಿರಣವೂ

1895ರಲ್ಲಿ ಜರ್ಮನಿಯ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣವು ವೈದ್ಯನಿಗೆ ಒಳಗಣ್ಣನ್ನು ಕೊಟ್ಟಿತು. ಆದರೆ ದೇಹವನ್ನು ಹಾಯುವಾಗ ಅದು ಜೀವಕೋಶಗಳಿಗೆ ಘಾಸಿಯನ್ನೂ ಉಂಟುಮಾಡಬಲ್ಲುದು. ಬೆಳೆಯುವ ಮಕ್ಕಳ ಜೀವಕೋಶಗಳು ಶೀಘ್ರವಾಗಿ ವಿಭಜನೆಗೊಳ್ಳುವುದರಿಂದಲೂ, ಅವರ ಮುಂದೆ ದೀರ್ಘ ಬಾಳಿರುವುದರಿಂದಲೂ ಅವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಅವಶ್ಯ.

ಸ್ಥೂಲಕಾಯದ ಮಗುವಿನಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ಮಾಂಸ-ಮೇದಸ್ಸುಗಳನ್ನು ದಾಟುವಾಗ ಕಿರಣವು ಸುಮಾರು 3–4 ಸೆಂಟಿಮೀಟರಿಗೊಮ್ಮೆ ಅರ್ಧದಷ್ಟು ಕ್ಷೀಣಿಸುತ್ತದೆ. ಆದುದರಿಂದ ದೇಹ ದಪ್ಪವಾದಷ್ಟೂ ಸ್ಪಷ್ಟ ಚಿತ್ರಕ್ಕೆ ಹೆಚ್ಚು ಕಿರಣ ಬೇಕಾಗುತ್ತದೆ. ಅಲ್ಟ್ರಾಸೌಂಡಿನಲ್ಲಿ ಈ ವಿಕಿರಣವಿಲ್ಲ. ಆದರೆ ಮೇದಸ್ಸು ಹೆಚ್ಚಿದಲ್ಲಿ ಅದರ ನೋಟ ಮಬ್ಬಾಗುವುದುಂಟು. ಆಗ ಸಿ.ಟಿ. ಸ್ಕ್ಯಾನಿನ ಮೊರೆಹೋಗಬೇಕಾದೀತು. ಉದರದ ಸಿ.ಟಿ.ಯ ವಿಕಿರಣವಾದರೋ ಎದೆಯ ಸಾಧಾರಣ ಚಿತ್ರದ ನೂರು ಪಟ್ಟನ್ನೂ ಮೀರಬಹುದು. ಎಂ.ಆರ್.ಐ. ಈ ದೋಷವಿಲ್ಲದ ಇನ್ನೊಂದು ದಾರಿ.

ಹಾಗೆಂದು ಅಂಜಿ ಅವಶ್ಯವಾದ ಪರೀಕ್ಷೆಯನ್ನೇ ಕೈಬಿಡುವುದು ಅವಿವೇಕ. ಈ ಚಿತ್ರ ಅಗತ್ಯವೇ, ಬೇರೆ ಮಾರ್ಗವುಂಟೇ, ಹಿಂದೆ ತೆಗೆದುದು ಸಾಲದೇ ಎಂದು ಪಾಲಕರು ವೈದ್ಯರನ್ನು ವಿನಯದಿಂದ ಕೇಳಬೇಕು. ಹಳೆಯ ಚಿತ್ರಗಳನ್ನು ಜೋಪಾನವಾಗಿಡಬೇಕು. ದೇಹವನ್ನೇ ದೇಗುಲವೆಂದು ಬಗೆದ ಶರಣರ ನಾಡಿನಲ್ಲಿ, ದಪ್ಪನೆಯ ಮಗುವನ್ನು ಹಳಿಯದೆ, ಮಿತಾಹಾರ ಮತ್ತು ಆಟಪಾಟಗಳಿಂದ ಅದರ ಆರೋಗ್ಯವನ್ನು ಕಾಯುವುದು ಗುರುಹಿರಿಯರೆಲ್ಲರ ಕಾಯಕ.